ಯಾರ ರಿಕವರಿ?

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಡೆಯ ಚಹಾದಂಗಡಿಯಲ್ಲಿ ಯಾರಾದರೂ “ಈ ಸಲ ರಿಕವರಿ ಹೆಂಗೈತ್ರಿ?” ಅಂತ ಕೇಳಿದರೆ, ಹೊರಗಿನಿಂದ ಬಂದವರು ಎದುರಿಗಿದ್ದವನ ಮುಖ ನೋಡಿ, ಪಾಪ, ಈಗಷ್ಟೇ ಹಾಸಿಗೆ ಬಿಟ್ಟು ಎದ್ದಿರಬೇಕು ಅಂದುಕೊಳ್ಳುತ್ತಾರೆ. ಜಡ್ಡು ಜಾಪತ್ರಿ ಏನೂ ಇರುವುದಿಲ್ಲ. ಕೇಳಿದವನೂ ಕಬ್ಬಿನವನು, ಕೇಳಿಸಿಕೊಂಡವನೂ ಕಬ್ಬಿನವನು. “ಹನ್ನೊಂದರ ಮ್ಯಾಲೈತಿ ಅಂತಾರಪಾ, ನಮಗೇನ ಗೊತ್ತು” ಅಂತ ಉತ್ತರ ಬರುತ್ತದೆ. ಆ “ಅಂತಾರ” ಅನ್ನುವುದರ ಮೇಲೆ ಇವತ್ತಿನ ಮಾತು.

ನಮ್ಮ ಭಾಗದಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಶಬ್ದಗಳಲ್ಲಿ ಇದೊಂದು. ಆದರೆ ಒಂದೊಂದು ಬಾಗಿಲಲ್ಲಿ ಒಂದೊಂದು ಅರ್ಥ. ದವಾಖಾನೆಯಲ್ಲಿ ಡಾಕ್ಟರು “ಪೇಶಂಟ್ ರಿಕವರಿ ಆಗಾಕತ್ತಾರ” ಅಂದರೆ ಮನೆಯವರ ಜೀವಕ್ಕೆ ತಂಪು. ಪೊಲೀಸ್ ಠಾಣೆಯಲ್ಲಿ ರಿಕವರಿ ಅಂದರೆ ಕಳುವಾದ ಮಾಲು ಸಿಕ್ಕಿತು ಅಂತ. ಸಾಲಾಗಿ ನಿಲ್ಲಿಸಿದ ಬೈಕುಗಳ ಹಿಂದೆ ಸಾಹೇಬರೂ ಸಿಬ್ಬಂದಿಯೂ ನಿಂತ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಮೊಬೈಲ್ ಅಂಗಡಿಯ ಹುಡುಗ ಅಳಿಸಿಹೋದ ಮದುವೆ ಫೋಟೋ ರಿಕವರಿ ಮಾಡಿಕೊಡುತ್ತೇನೆ ಅನ್ನುತ್ತಾನೆ. ಮನೆ ಮುಂದೆ ಬಂದು ನಿಂತವರನ್ನು ನೋಡಿ ಹೆಣ್ಣುಮಗಳೊಬ್ಬಳು ಒಳಗೆ ಹೋಗಿ “ರಿಕವರಿದವ್ರು ಬಂದಾರ” ಅಂದರೆ ಆ ಮನೆಯ ಗಂಡಸು ಹಿತ್ತಲ ಬಾಗಿಲು ಹುಡುಕುತ್ತಾನೆ.

ದವಾಖಾನೆಯ ಅರ್ಥಕ್ಕೆ ನಮ್ಮಲ್ಲಿ ಆ ಇಂಗ್ಲಿಷ್ ಶಬ್ದದ ಅಗತ್ಯವೇ ಇರಲಿಲ್ಲ. ಗೋಕಾಕದ ಹತ್ತಿರದಲ್ಲೇ ಘಟಪ್ರಭಾದಲ್ಲಿ ಸ್ವಾತಂತ್ರ್ಯಕ್ಕಿಂತ ಮೊದಲಿನ ಕರ್ನಾಟಕ ಆರೋಗ್ಯಧಾಮ ಇದೆ. ಸೇವಾದಳ ಕಟ್ಟಿದ ನಾ. ಸು. ಹರ್ಡೀಕರರು ಓಡಾಡಿದ ಊರು ಅದು. ಅಲ್ಲಿಗೆ ಬಂದು ಗುಣವಾಗಿ ಹೋದವರನ್ನು ನಮ್ಮ ಹಿರಿಯರು “ಆರಾಮ ಆದ” ಅಂತಲೇ ಹೇಳಿದರು. ಈಗಲೂ ಊರಲ್ಲಿ ಮಾತು ಆಡುವಾಗ ಆರಾಮೇ. ರಿಕವರಿ ಬಂದದ್ದು ಕೊರೋನಾ ಕಾಲದ ದಿನದಿನದ ಲೆಕ್ಕದಲ್ಲಿ: ಇವತ್ತು ಎಷ್ಟು ಪಾಸಿಟಿವ್, ಎಷ್ಟು ರಿಕವರಿ. ಆಮೇಲೆ ಅದು ಅಷ್ಟಕ್ಕೇ ನಿಂತಿತು.

ಸಾಲದ ರಿಕವರಿ ಮಾತ್ರ ಬೇರೂರಿಬಿಟ್ಟಿದೆ. ವಸೂಲಿ ಅನ್ನುವ ಹಳೆಯ ಶಬ್ದ ಇದ್ದೇ ಇದೆ. ಸೊಸಾಯಿಟಿಯ ಕಾಗದದಲ್ಲಿ ಇವತ್ತಿಗೂ ಅದೇ. ಆದರೆ ವಸೂಲಿಗೆ ಬರುತ್ತಿದ್ದವನು ಊರಿನವನೇ, ಸೆಕ್ರೆಟರಿ ಕಾಕಾನೋ ಅವನ ಕಡೆಯ ಗುಮಾಸ್ತನೋ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು “ಬರೋ ಬಿಲ್ಲಿಗೆ ಮುಟ್ಟಸು ತಮ್ಮಾ” ಅಂತ ಹೇಳಿ ಹೋಗುತ್ತಿದ್ದ. ರಿಕವರಿಯವನು ಹೊರಗಿನವನು, ಬೈಕಿನ ಮೇಲೆ ಬರುವವನು, ವಾರವಾರಕ್ಕೂ ಬೇರೆ ಮುಖ. ಮೈಕ್ರೋಫೈನಾನ್ಸಿನ ಹುಡುಗರ ಕಾಟಕ್ಕೆ ಊರು ಬಿಟ್ಟವರ ಸುದ್ದಿ ಹೆಚ್ಚಾಗಿ, ಕೊನೆಗೆ ರಾಜ್ಯ ಸರ್ಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒತ್ತಾಯದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡ. ಸಾಲ ಕೇಳುವ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಕೂಡದು ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ನಮ್ಮಲ್ಲಿ ಗಂಡಸರು ಹೊಲದಿಂದ ಮನೆಗೆ ಬರುವುದೇ 7ರ ಮೇಲೆ. ಹೀಗಾಗಿ ಆ ಫೋನು ಹೆಂಗಸರ ಕಿವಿಗೇ ಬೀಳುತ್ತದೆ.

ಇವೆಲ್ಲವನ್ನೂ ಪಕ್ಕಕ್ಕಿಟ್ಟು, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಈ ಮೂರೂ ತಾಲೂಕಿನಲ್ಲಿ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ. ನೂರು ಕಿಲೋ ಕಬ್ಬು ಅರೆದರೆ ಚೀಲಕ್ಕೆ ಬೀಳುವ ಸಕ್ಕರೆ ಎಷ್ಟು ಕಿಲೋ? ಹತ್ತು ಬಿದ್ದರೆ ರಿಕವರಿ ಹತ್ತು, ಹನ್ನೊಂದು ಬಿದ್ದರೆ ಹನ್ನೊಂದು. ಕಬ್ಬಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಇನ್ನೊಂದಿಷ್ಟು ನಾರು. ಉಳಿದದ್ದರಲ್ಲಿ ಸಕ್ಕರೆ. ಆ ಸಕ್ಕರೆಯೂ ಪೂರ್ತಿ ಕೈಗೆ ಬರುವುದಿಲ್ಲ. ಸ್ವಲ್ಪ ಸಿಪ್ಪೆಯಲ್ಲಿ ಹೋಗುತ್ತದೆ, ಸ್ವಲ್ಪ ರಸ ಸೋಸಿ ಉಳಿದ ಪ್ರೆಸ್‌ಮಡ್ಡಿನಲ್ಲಿ, ಹೆಚ್ಚಿನದು ಹರಳಾಗದೆ ಉಳಿದ ಮೊಲಾಸಿಸ್ಸಿನಲ್ಲಿ. ಇಷ್ಟೆಲ್ಲ ಕಳೆದು ಹರಳಾಗಿ ಉಳಿದದ್ದು ರಿಕವರಿ.

ಕಾಗದದ ಕನ್ನಡ ಇದಕ್ಕೆ ಸಕ್ಕರೆ ಇಳುವರಿ ಅನ್ನುತ್ತದೆ. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅದು ಸರಿ ಕಾಣಬಹುದು. ಹೊಲದಲ್ಲಿ ನಡೆಯುವುದಿಲ್ಲ. ಯಾಕೆಂದರೆ ಇಳುವರಿ ಅಂದರೆ ರೈತನಿಗೆ ಎಕರೆಗೆ ಎಷ್ಟು ಟನ್ ಅಂತ. ಎಕರೆಗೆ 60 ಟನ್ ತೆಗೆದವನು ಮೀಸೆ ತಿರುವಬಹುದು, ಅದೇ ಕಬ್ಬಿನ ರಿಕವರಿ ಕಡಿಮೆ ಇದ್ದು ಕಾರ್ಖಾನೆಯವರು ಮೂಗು ಮುರಿಯಬಹುದು. ಒಬ್ಬರಿಗೆ ಬೇಕಾದದ್ದು ತೂಕ, ಇನ್ನೊಬ್ಬರಿಗೆ ಸಿಹಿ. ಎರಡಕ್ಕೂ ಇಳುವರಿ ಅಂತಲೇ ಹೆಸರಿಟ್ಟರೆ ಜಗಳ ಮುಚ್ಚಿಹೋಗುತ್ತದೆ. ರೈತ ಇಂಗ್ಲಿಷ್ ಶಬ್ದ ಇಟ್ಟುಕೊಂಡು ಜಗಳವನ್ನು ಉಳಿಸಿಕೊಂಡಿದ್ದಾನೆ. ಗಡಿಯಾಚೆ ಮರಾಠಿಯವರು ಇದಕ್ಕೆ ಉತಾರಾ ಅನ್ನುತ್ತಾರೆ. ನಮಗೆ ಉತಾರ ಅಂದರೆ ಹೊಲದ ಕಾಗದ. ಒಬ್ಬನಿಗೆ ಹೊಲವೇ ಉತಾರ, ಇನ್ನೊಬ್ಬನಿಗೆ ಹೊಲದಿಂದ ಹೋದದ್ದು ಉತಾರ. ಮದುವೆ ಸಂಬಂಧ ಎರಡೂ ಕಡೆ ಇರುವ ಊರುಗಳಲ್ಲಿ ಇದರಿಂದ ತಮಾಷೆಯೂ ಆಗುತ್ತದೆ.

ಈ ಅಂಕಿಗೆ ಇಷ್ಟೊಂದು ಬೆಲೆ ಯಾಕೆ ಅಂದರೆ, ಕಬ್ಬಿನ ದರ ನಿಂತಿರುವುದೇ ಇದರ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ಸರ್ಕಾರ ವರ್ಷವರ್ಷ ದರ ಗೊತ್ತು ಮಾಡುತ್ತದೆ. 2009ರ ತಿದ್ದುಪಡಿಯ ನಂತರ ಅದಕ್ಕೆ ಎಫ್‌ಆರ್‌ಪಿ ಅಂತ ಹೆಸರು, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ. 2025-26ರ ಹಂಗಾಮಿಗೆ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ರಿಕವರಿ 0.1 ಏರಿದಂತೆಲ್ಲ 3 ರೂಪಾಯಿ 46 ಪೈಸೆ ಏರುತ್ತದೆ. ಟನ್ನಿಗೆ ಹಿಡಿದರೆ 34 ರೂಪಾಯಿ 60 ಪೈಸೆ. ಎಕರೆಗೆ 40 ಟನ್ ಬೆಳೆದವನಿಗೆ ಆ ಒಂದು ದಶಾಂಶ ಹೆಚ್ಚುಕಡಿಮೆ ಆದರೆ 1,384 ರೂಪಾಯಿಯ ಫರಕು. ಅರ್ಧ ಅಂಶ ಅತ್ತಿತ್ತ ಆದರೆ ಏಳು ಸಾವಿರದ ಸಮೀಪ. ಚಹಾದಂಗಡಿಯಲ್ಲಿ ಬಿಂದುವಿನ ಮುಂದಿನ ಅಂಕಿಗೆ ಗದ್ದಲ ಏಳುವುದು ಇದಕ್ಕೇ.

ಇನ್ನೊಂದು ಲೆಕ್ಕ ಇದೆ, ಅದು ದರ ಏರಿತು ಅನ್ನುವ ತಲೆಬರಹದೊಳಗೆ ಅಡಗಿ ಕೂತಿರುತ್ತದೆ. 2017-18ರಲ್ಲಿ 9.5 ರಿಕವರಿಗೆ ಕ್ವಿಂಟಲ್‌ಗೆ 255 ರೂಪಾಯಿ ಇತ್ತು. ಮುಂದಿನ ವರ್ಷ 275 ಆಯಿತು. ಟನ್ನಿಗೆ 200 ರೂಪಾಯಿ ಏರಿಕೆ ಅಂತ ಸುದ್ದಿ. ಆದರೆ ಬುಡದ ರಿಕವರಿಯನ್ನೂ 9.5ರಿಂದ 10ಕ್ಕೆ ಏರಿಸಿದ್ದರು. ಹಳೆಯ ಲೆಕ್ಕದಲ್ಲೇ 10 ರಿಕವರಿಗೆ 268 ರೂಪಾಯಿ 40 ಪೈಸೆ ಬರುತ್ತಿತ್ತು. ಹಾಗಾಗಿ ಅಂಥ ಕಬ್ಬಿಗೆ ನಿಜವಾಗಿ ಏರಿದ್ದು ಟನ್ನಿಗೆ 66 ರೂಪಾಯಿ. 2022-23ರಲ್ಲಿ ಮತ್ತೆ ಬುಡ 10.25ಕ್ಕೆ ಹೋಯಿತು, ದರ 290ರಿಂದ 305 ಆಯಿತು. ಟನ್ನಿಗೆ 150 ಅಂತ ಸಾರಿದ್ದು, ಕೈಗೆ ಬಂದದ್ದು ಅದರ ಅರ್ಧದ ಮೇಲೆ ಚೂರು. ದೊಡ್ಡವರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಅಳತೆಗೋಲನ್ನೇ ಸರಿಸಿ ಬಟ್ಟೆ ಅಳೆದರು ಅಷ್ಟೇ.

ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ಅನ್ನುವ ಹೆಸರು ರಾಜ್ಯಕ್ಕೆಲ್ಲ ಗೊತ್ತಾದದ್ದು 2025ರ ಅಕ್ಟೋಬರ್ ಕೊನೆಯಲ್ಲಿ. ಟನ್ನಿಗೆ 3,500 ಕೊಡಿ ಅಂತ ರೈತರು ರಸ್ತೆಯ ಮೇಲೆ ಕೂತರು. ಚೂನಪ್ಪ ಪೂಜೇರಿ, ಶಶಿಕಾಂತ ಗುರೂಜಿ ಮುಂದಾಳುಗಳು. ದಿನ ಕಳೆದಂತೆ ಜನ ಬೆಳೆಯಿತು, ಅಡುಗೆಯೂ ಅಲ್ಲೇ, ಮಲಗುವುದೂ ಅಲ್ಲೇ. ಒಂಬತ್ತನೆಯ ದಿನ, ನವೆಂಬರ್ 7ಕ್ಕೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ ಕಾರ್ಖಾನೆಯವರನ್ನೂ ರೈತರನ್ನೂ ಕರೆಸಿ ಮಾತಾಡಿ 3,300 ಅಂತ ಹೇಳಿದರು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಗುರ್ಲಾಪುರದಲ್ಲಿ ಗುಲಾಲು ಹಾರಿತು.

ಗುಲಾಲು ಇಳಿದ ಮೇಲೆ ಜನ ಆದೇಶವನ್ನು ಇನ್ನೊಮ್ಮೆ ಓದಿದರು. 3,300 ಇದ್ದದ್ದು 11.25 ರಿಕವರಿಗೆ. ಕಟಾವು, ಸಾಗಣೆ ಖರ್ಚು ಬಿಟ್ಟು. ಕೃಷ್ಣಾ, ಘಟಪ್ರಭಾದ ಮೇಲ್ದಂಡೆಯ ಕೆಲವು ಕಾರ್ಖಾನೆಗಳಿಗೆ ಆ ರಿಕವರಿ ಬರುತ್ತದೆ. ಕೆಳಕ್ಕೆ ಬಾಗಲಕೋಟೆ ಕಡೆ ಇಳಿದರೆ ಅಂಕಿ ಇಳಿಯುತ್ತದೆ. ಮುಧೋಳದವರು ಅದಕ್ಕೇ ಒಪ್ಪಲಿಲ್ಲ, ರಿಕವರಿಯ ಗಂಟು ಬಿಚ್ಚಿ ದರ ಹೇಳಿ ಅಂದರು. ನವೆಂಬರ್ 13ಕ್ಕೆ ಅದೇ ಕಡೆಯ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಉರಿದವು. ಯಾವನದೋ ಸಾಲದ ಟ್ರ್ಯಾಕ್ಟರ್, ಯಾವನದೋ ವರ್ಷದ ಬೆಳೆ. ಆ ಬೆಂಕಿಯನ್ನು ಸರಿ ಅನ್ನುವ ಧೈರ್ಯ ನನಗಿಲ್ಲ. ಆದರೆ ಸಿಟ್ಟು ಎಲ್ಲಿಂದ ಬಂತು ಅಂತ ಹುಡುಕಿದರೆ ಇದೇ ಶಬ್ದದ ಬುಡಕ್ಕೆ ಹೋಗಿ ನಿಲ್ಲುತ್ತೇವೆ.

ತೂಕದ ವಿಷಯದಲ್ಲಿ ರೈತ ಈಗ ಹುಷಾರಾಗಿದ್ದಾನೆ. ಅನುಮಾನ ಬಂದರೆ ದಾರಿಯಲ್ಲಿ ಖಾಸಗಿ ಕಾಟಾದ ಮೇಲೆ ಗಾಡಿ ಹತ್ತಿಸಿ ಚೀಟಿ ತೆಗೆದುಕೊಂಡು ಆಮೇಲೆ ಕಾರ್ಖಾನೆಗೆ ಹೋಗುತ್ತಾನೆ. ಎರಡು ಚೀಟಿ ಹೊಂದದಿದ್ದರೆ ಗೇಟಿನಲ್ಲಿ ದನಿ ಎತ್ತುತ್ತಾನೆ. ರಿಕವರಿಗೆ ಇಂಥ ಎರಡನೆಯ ಕಾಟಾ ಇಲ್ಲ. ಅದು ನಡೆಯುವುದು ಕಾರ್ಖಾನೆಯ ಒಳಗೆ, ಪ್ರಯೋಗಾಲಯದಲ್ಲಿ, ಸಾವಿರಾರು ಗಾಡಿಗಳ ರಸ ಒಂದಾಗಿ ಹೋದ ಮೇಲೆ. ಅದಕ್ಕಿಂತ ದೊಡ್ಡ ಮಾತು: ನಮ್ಮಲ್ಲಿ ದರಕ್ಕೆ ಹಿಡಿಯುವುದು ಹಿಂದಿನ ಹಂಗಾಮಿನ ಸರಾಸರಿ ರಿಕವರಿ. ಅಂದರೆ ಈ ವರ್ಷ ನನ್ನ ಹೊಲದ ಕಬ್ಬಿಗೆ ಬರುವ ದರ ಹೋದ ವರ್ಷ ಬೇರೆಯವರ ಕಬ್ಬು ಕೊಟ್ಟ ಸಿಹಿಯ ಮೇಲೆ. ರವದಿ ಕಿತ್ತು, ಹೊತ್ತಿಗೆ ಸರಿಯಾಗಿ ನೀರು ನಿಲ್ಲಿಸಿ, ಬುಡಕ್ಕೆ ಕಡಿಸಿ, ಅದೇ ದಿನ ಕಳಿಸಿದವನಿಗೂ ಅದೇ ದರ. ಮಣ್ಣು, ಸೋಗಿ ಸಮೇತ ತುಂಬಿದವನಿಗೂ ಅದೇ ದರ. ಹೀಗಿದ್ದ ಮೇಲೆ ರೈತ ಯಾವುದಕ್ಕೆ ಕೈ ಹಾಕಬೇಕು? ತೂಕಕ್ಕೇ ಹಾಕುತ್ತಾನೆ.

ತಳಿಯ ಆಯ್ಕೆ ನೋಡಿದರೆ ಇದು ಕಾಣುತ್ತದೆ. ಕಾರ್ಖಾನೆಗೆ 86032 ಪ್ರೀತಿ, ಸಕ್ಕರೆ ಚೆನ್ನಾಗಿ ಕೊಡುತ್ತದೆ. ರೈತನಿಗೆ 265ರ ಮೇಲೆ ಕಣ್ಣು. ಅದು ಮಹಾರಾಷ್ಟ್ರದ ಪಾಡೇಗಾಂವದಿಂದ ಬಂದದ್ದು. ಸವಳು ನೆಲದಲ್ಲೂ ಜಗ್ಗದೆ ಬೆಳೆಯುತ್ತದೆ, ತೂಕ ಭಾರಿ, ಪಕ್ವವಾಗುವುದು ಮಾತ್ರ ನಿಧಾನ. ಘಟಪ್ರಭೆಯ ಮೇಲೆ ಧೂಪದಾಳದ ಕಟ್ಟೆ, ಆಮೇಲೆ ಹಿಡಕಲ್ ಜಲಾಶಯ, ಅವುಗಳ ಕಾಲುವೆ ನೀರು ಬಂದು ಒಂದೆರಡು ತಲೆಮಾರು ಒಂದೇ ಸವನೆ ಕಬ್ಬಿಗೆ ನೀರು ಹಾಯಿಸಿ ಎಷ್ಟೋ ಕಪ್ಪು ನೆಲ ಸವಳು-ಜವಳಾಗಿ ಕೂತಿದೆ. ಅಂಥ ಹೊಲದವನಿಗೆ 265 ಬಿಟ್ಟು ಬೇರೆ ಹಾಕು ಅನ್ನುವುದು ಸುಲಭ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬಿನ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಹೊರಟ ತಳಿಗಳ ಹೆಸರಿನ ಮುಂದೆ ಇರುವ ಎಸ್‌ಎನ್‌ಕೆ ಅನ್ನುವುದು ಊರಿನ ಹೆಸರೇ. ತೂಕ, ಸಿಹಿ ಎರಡನ್ನೂ ಒಂದೇ ಗಣಿಕೆಯಲ್ಲಿ ಹಿಡಿಯುವುದು ಅವರ ವರ್ಷಾನುಗಟ್ಟಲೆಯ ಕೆಲಸ. ಆದರೆ ಸಿಹಿಗೆ ಬೇರೆ ದುಡ್ಡು ಸಿಗದ ತನಕ ರೈತ ಅವರ ತಳಿಯಲ್ಲೂ ಮೊದಲು ಕೇಳುವುದು “ಎಕರೆಗೆ ಎಷ್ಟ ಟನ್ ಬೀಳತೈತ್ರಿ ಸರ?” ಅಂತಲೇ.

ಇನ್ನು ತಡ. ಕಡಿದ ಕಬ್ಬು 24 ತಾಸಿನೊಳಗೆ ಅರೆದರೆ ಚೆನ್ನ. ಅದು ದಾಟಿದರೆ ಒಣಗಿ ತೂಕ ಇಳಿಯುವುದಷ್ಟೇ ಅಲ್ಲ, ಒಳಗಿನ ಸಕ್ಕರೆಯೇ ಒಡೆದು ಹರಳಾಗದ ಸಕ್ಕರೆಯಾಗುತ್ತದೆ. ನಾಲಗೆಗೆ ಸಿಹಿ, ಚೀಲಕ್ಕಿಲ್ಲ. ಬಿಸಿಲು ಏರಿದ ಮಾರ್ಚಿನಲ್ಲಿ ಇನ್ನೂ ಬೇಗ. ಕಾರ್ಖಾನೆಯ ಯಾರ್ಡಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ಎರಡು ದಿನ ನಿಂತರೆ ಬಿದ್ದ ರಿಕವರಿ ಯಾರ ಖಾತೆಗೆ? ಸರಾಸರಿಯ ಖಾತೆಗೆ. ಅಂದರೆ ಮುಂದಿನ ವರ್ಷ ನಮ್ಮೆಲ್ಲರ ಖಾತೆಗೆ. ಕಟಾವಿಗೆ ಸರದಿ ಸಿಗಬೇಕಾದರೆ ಕಟಾವಿನ ಚೀಟಿ ಕೊಡುವ ಸ್ಲಿಪ್‌ಬಾಯ್ ಬೆನ್ನು ಹತ್ತಬೇಕು, ಕಡಿಯುವ ಗ್ಯಾಂಗಿನ ಮುಕಾದಮನಿಗೆ ಖುಶಾಲಿ ಕೊಡಬೇಕು, ಡ್ರೈವರಿಗೆ ಬೇರೆ. ಹನ್ನೆರಡು ತಿಂಗಳಿಗೆ ಕಡಿಯಬೇಕಾದದ್ದು ಹದಿನಾಲ್ಕಕ್ಕೆ ಹೋಗುತ್ತದೆ, ಸೂಲಂಗಿ ಬಂದು ಒಳಗೆ ಬೆಂಡಾಗುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಾಗ ದಂಡೆಯ ಕಬ್ಬು ದಿನಗಟ್ಟಲೆ ನೀರಲ್ಲಿ ನಿಂತಿತ್ತು. ಅಂಥ ಕಬ್ಬಿನಲ್ಲಿ ಸಕ್ಕರೆ ಎಲ್ಲಿಂದ ಬರಬೇಕು.

ಎಥೆನಾಲ್ ಬಂದ ಮೇಲೆ ಅನುಮಾನ ಇನ್ನೂ ದಪ್ಪಗಾಗಿದೆ. ಮೊದಲು ಸಕ್ಕರೆ ಪೂರ್ತಿ ತೆಗೆದು ಕೊನೆಯ ಮೊಲಾಸಿಸ್ಸಿನಿಂದ ಸ್ಪಿರಿಟ್ ಮಾಡುತ್ತಿದ್ದರು. 2018ರಿಂದೀಚೆಗೆ ನಡುವಿನಲ್ಲೇ, ಸಕ್ಕರೆ ಇನ್ನೂ ಉಳಿದಿರುವ ಬಿ-ಹೆವಿ ಮೊಲಾಸಿಸ್ಸನ್ನು ಎಥೆನಾಲಿಗೆ ತಿರುಗಿಸಲು ದಾರಿ ಆಯಿತು. ಸಕ್ಕರೆ ಅಲ್ಲಿಗೆ ಹೋದಷ್ಟೂ ಚೀಲಕ್ಕೆ ಕಡಿಮೆ, ಹಾಗಾಗಿ ಕಾಗದದ ಮೇಲಿನ ರಿಕವರಿ ಕಡಿಮೆ. ಹಾಗೆ ಹೋದ ಸಕ್ಕರೆಯನ್ನು ಲೆಕ್ಕ ಹಾಕಿ ಮತ್ತೆ ರಿಕವರಿಗೆ ಕೂಡಿಸಬೇಕು ಅನ್ನುವ ನಿಯಮ ಇದೆ. ಕೂಡಿಸುವವರು ತಜ್ಞರು. ಕೂಡಿಸಿದ್ದು ಸರಿ ಇದೆ ಅನ್ನುವುದನ್ನು ರೈತ ನಂಬಬೇಕು, ಅಷ್ಟೇ. “ಎಣ್ಣಿ ಗಾಡಿಗಿ ಹೋದ ಸಕ್ಕರಿ ನಮ್ಮ ಬಿಲ್ಲಿಗಿ ಹೆಂಗ ಬರತೈತೋ” ಅಂತ ಒಬ್ಬರು ಕೇಳಿದರು. ಸಿಪ್ಪೆಯಿಂದ ಆಗುವ ಕರೆಂಟು, ಪ್ರೆಸ್‌ಮಡ್ಡಿನಿಂದ ಆಗುವ ಗೊಬ್ಬರ, ಇವಂತೂ ರಿಕವರಿಯ ಲೆಕ್ಕಕ್ಕೇ ಬರುವುದಿಲ್ಲ. ಇವುಗಳಲ್ಲೂ ರೈತನಿಗೆ ಪಾಲು ಇರಬೇಕು, ಸಕ್ಕರೆ ಮತ್ತು ಉಪ ಉತ್ಪನ್ನಗಳ ಒಟ್ಟು ಬೆಲೆಯಲ್ಲಿ ನೂರಕ್ಕೆ 70 ಕಬ್ಬಿಗೆ ಹೋಗಲಿ ಅಂತ ರಂಗರಾಜನ್ ಸಮಿತಿ 2012ರಲ್ಲೇ ಬರೆದುಕೊಟ್ಟಿತ್ತು.

ಬಿಲ್ಲಿನ ಕಾಗದವನ್ನೊಮ್ಮೆ ಕೈಗೆ ತೆಗೆದುಕೊಂಡು ನೋಡಿ. ಮೇಲೆ ಟನ್ನು, ದರ, ಗುಣಿಸಿದ ಮೊತ್ತ. ದರದ ಹಿಂದೆ ಕಾರ್ಖಾನೆಯ ರಿಕವರಿ ಇದೆ, ಕಾಗದದಲ್ಲಿ ಕಾಣುವುದಿಲ್ಲ. ಕೆಳಗೆ ಕಡಿತ. ಸೊಸಾಯಿಟಿಯ ಬೆಳೆಸಾಲ, ಬೀಜದ ದುಡ್ಡು, ಗೊಬ್ಬರದ ದುಡ್ಡು. ಇದು ಸಾಲದ ರಿಕವರಿ, ಇದು ಪೈಸೆ ಸಮೇತ ಕಾಣುತ್ತದೆ. ಒಂದೇ ಶಬ್ದದ ಎರಡು ಅರ್ಥ ಒಂದೇ ಹಾಳೆಯ ಮೇಲೆ ಕೂತಿವೆ, ಒಂದು ರೈತನಿಗೆ ಕೊಡುವುದನ್ನು ಗೊತ್ತು ಮಾಡುತ್ತದೆ, ಇನ್ನೊಂದು ಕೊಟ್ಟದ್ದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಸೇರಿಸಬೇಕು ಅನ್ನುವುದು ಅದೇ 1966ರ ಆದೇಶದಲ್ಲಿದೆ. ಆ ಬಡ್ಡಿ ಕೇಳಿ ಪಡೆದ ರೈತನನ್ನು ನಾನಂತೂ ಕಂಡಿಲ್ಲ. ಅದೇ ಸಾಲದ ಗಡುವು ದಾಟಿತೋ, ಶೂನ್ಯ ಬಡ್ಡಿಯ ಸಾಲಕ್ಕೂ ಬಡ್ಡಿ ಬಿದ್ದೇ ಬೀಳುತ್ತದೆ, ಯಾರೂ ಕೇಳಬೇಕಿಲ್ಲ.

ಮೂಡಲಗಿ ಹತ್ತಿರದ ಒಂದು ಹೊಲದಲ್ಲಿ ಜನವರಿಯ ಒಂದು ಬೆಳಿಗ್ಗೆ ನಾವು ನಾಲ್ಕಾರು ಜನ ನಿಂತಿದ್ದೆವು. ಹೊಲದ ಕಾಕಾನ ಅಣ್ಣನ ಮಗಳು ಕೃಷಿ ಓದುತ್ತಾಳೆ. ಅವಳ ಕೈಯಲ್ಲಿ ಒಂದು ಗೇಣಿನಷ್ಟು ಉದ್ದದ ದುರ್ಬೀನಿನಂಥ ಕೊಳವೆ. ರಿಫ್ರ್ಯಾಕ್ಟೋಮೀಟರ್. ಒಂದು ಗಳ ಕಬ್ಬು ಆರಿಸಿ, ಬುಡದ ಹತ್ತಿರ ದಬ್ಬಣದಂಥ ಮೊಳೆಯಿಂದ ಚುಚ್ಚಿ, ಒಂದು ಹನಿ ರಸವನ್ನು ಗಾಜಿನ ಮೇಲೆ ಬಿಟ್ಟಳು. ಮೇಲಿನ ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ, ನಡುವಿನ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಅದು ಬ್ರಿಕ್ಸ್. ಬುಡದಲ್ಲಿ 21. ನೀರಿನಿಂದ ಗಾಜು ತೊಳೆದು ಒರೆಸಿ ನಡುವಿನದು ನೋಡಿದಳು, 20. ತುದಿಯದು 17.

“ತುದಿ ಇನ್ನ ಹಸಿ ಐತಿ ಕಾಕಾ. ಬುಡದ್ದು ತುದೀದು ಸನೇಕ ಬರೂಮಟ ಕಡಸಬ್ಯಾಡ್ರಿ.”

ಕಾಕಾ ಕೊಳವೆ ಇಸಿದುಕೊಂಡು ತಾನೂ ನೋಡಿದ. “ಇಪ್ಪತ್ತ ಐತಲ್ಲವಾ! ಕಾರ್ಖಾನಿಯವ್ರ ಹನ್ನೊಂದ ಅಂತಾರ. ಒಂಬತ್ತ ಎಲ್ಲಿ ಹೋತು?”

ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ. ಬ್ರಿಕ್ಸ್ ಅಂದರೆ ರಸದಲ್ಲಿ ಕರಗಿದ್ದೆಲ್ಲ ಸೇರಿ, ಅದರಲ್ಲಿ ಸಕ್ಕರೆಯಲ್ಲದ್ದೂ ಇರುತ್ತದೆ. ರಸ ಬೇರೆ, ನಾರು ಸೇರಿದ ಇಡೀ ಕಬ್ಬು ಬೇರೆ. ಅರೆಯುವಾಗ, ಕಾಯಿಸುವಾಗ ಕಳೆಯುವುದು ಬೇರೆ. ಇದೆಲ್ಲ ಕಳೆದರೆ 20 ಬ್ರಿಕ್ಸಿನ ಕಬ್ಬಿಗೆ ಹನ್ನೊಂದರ ಆಸುಪಾಸು ಬರುವುದು ಸರಿಯೇ ಅಂತ ಬೆರಳು ಮಡಚಿ ಮಡಚಿ ಹೇಳಿದಳು. ಕಾರ್ಖಾನೆಯ ಪರವಾಗಿ ಅಷ್ಟು ತಾಳ್ಮೆಯಿಂದ ಯಾರೂ ಅವನಿಗೆ ಹೇಳಿರಲಿಲ್ಲ. ಎರಡು-ಮೂರು ಸಾವಿರ ರೂಪಾಯಿಗೆ ಸಿಗುವ ಆ ಕೊಳವೆ ಪ್ರತಿ ಊರಿನ ಸೊಸಾಯಿಟಿಯಲ್ಲಿ ಒಂದು ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ಉಳಿದರ್ಧ ಸರಿಯಾದ ಜಾಗಕ್ಕೆ ಹೋಗುತ್ತದೆ ಅಂತ ನನಗೆ ಅನಿಸಿತು.

ಉಳಿದರ್ಧಕ್ಕೂ ಬೇರೆ ದೇಶದವರು ದಾರಿ ಮಾಡಿಕೊಂಡಿದ್ದಾರೆ. ಬ್ರೆಜಿಲ್‌ನಲ್ಲಿ ಗಾಡಿ ಗೇಟಿಗೆ ಬಂದ ಕೂಡಲೇ ಕೊಳವೆ ಇಳಿಸಿ ಹೊಟ್ಟೆಯೊಳಗಿನ ಕಬ್ಬಿನ ಮಾದರಿ ತೆಗೆದು, ಆ ಹೊರೆಯಲ್ಲಿ ತೆಗೆಯಬಹುದಾದ ಸಕ್ಕರೆ ಎಷ್ಟು ಅಂತ ಅಳೆದು ಅದಕ್ಕೆ ದುಡ್ಡು ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಒಬ್ಬೊಬ್ಬ ಬೆಳೆಗಾರನ ಕಬ್ಬಿಗೂ ಬೇರೆ ಅಂಕಿ, ಅದಕ್ಕೆ ಸಿಸಿಎಸ್ ಅಂತ ಹೆಸರು. ಹಂಗಾಮಿನ ಶುರುವಿನಲ್ಲಿ ಎಲ್ಲರ ಕಬ್ಬೂ ಹಸಿ, ನಡುವಿನಲ್ಲಿ ಸಿಹಿ ಏರುತ್ತದೆ. ಮೊದಲು ಕಡಿಸಿದವನಿಗೆ ಅನ್ಯಾಯ ಆಗಬಾರದು ಅಂತ ಆ ವಾರದ ಸರಾಸರಿಗೆ ಹೋಲಿಸಿ ತೂಗುವ ಪದ್ಧತಿಯೂ ಅವರಲ್ಲಿದೆ. ಅವರ ಹೊಲ ದೊಡ್ಡದು, ಗಾಡಿ ಕಡಿಮೆ. ನಮ್ಮಲ್ಲಿ ಎರಡೆಕರೆ, ಮೂರೆಕರೆಯವರೇ ಸಾಲಾಗಿ ಬರುತ್ತಾರೆ, ಇದೆಲ್ಲ ಇಲ್ಲಿ ಸಾಗದು ಅಂತ ಹೇಳುವವರಿದ್ದಾರೆ. ಪ್ರತಿ ಗಾಡಿಯನ್ನು ತೂಗುವುದು ಸಾಗುತ್ತದೆ, ಪ್ರತಿ ಗಾಡಿಯಿಂದ ಒಂದು ಹಿಡಿ ತೆಗೆದು ಹಿಂಡುವುದು ಯಾಕೆ ಸಾಗದು ಅನ್ನುವುದು ನನ್ನ ಪ್ರಶ್ನೆ. ಸಕ್ಕರೆಯ ವಿದ್ಯೆಗೆಂದೇ ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ನಮ್ಮ ಜಿಲ್ಲೆಯಷ್ಟು ಕಾರ್ಖಾನೆ ಇರುವ ಕಡೆ ಒಂದೆರಡು ಗೇಟಿನಲ್ಲಾದರೂ ಒಂದು ಹಂಗಾಮು ಇದನ್ನು ಮಾಡಿ ನೋಡಲು ಮಂದಿ ಇಲ್ಲ ಅನ್ನಬೇಕಿಲ್ಲ.

ಬ್ರೆಜಿಲ್‌ನ ಮಾತು ಕಾಕಾನಿಗೆ ಹೇಳಿದಾಗ ಅವನು ಖುಷಿಯಾಗಲಿಲ್ಲ, ವಿಚಾರಕ್ಕೆ ಬಿದ್ದ. “ಹಂಗ ಮಾಡಿದ್ರ ನಂದ ಕುಳೆ ಕಬ್ಬ, ಆ ಮೂಲ್ಯಾಗ ಸವಳ ಬ್ಯಾರೆ. ನನಗ ಇಷ್ಟ ಸುದ್ದಾ ಬರಲಿಕ್ಕಿಲ್ಲ ತಗೋ.”

ಬರಲಿಕ್ಕಿಲ್ಲ, ನಿಜ. ಸರಾಸರಿಯ ನೆರಳಲ್ಲಿ ಬದುಕುವವರು ಕಾರ್ಖಾನೆಯ ಒಳಗಷ್ಟೇ ಇಲ್ಲ, ಹೊಲದಲ್ಲೂ ಇದ್ದಾರೆ. ಗುರ್ಲಾಪುರದಲ್ಲಿ ಭುಜಕ್ಕೆ ಭುಜ ಕೊಟ್ಟು ಕೂತವರೇ ಗಾಡಿಗೊಂದು ರಿಕವರಿ ಬಂದ ದಿನ ಪಕ್ಕದ ಹೊಲದವನ ಚೀಟಿ ಇಣುಕಿ ನೋಡಬೇಕಾದೀತು. ಸಂಘಗಳು ಟನ್ನಿಗೆ ಇಷ್ಟು ಅಂತ ಒಂದೇ ಅಂಕಿ ಕೂಗುವುದಕ್ಕೆ ಇದೂ ಒಂದು ಕಾರಣ ಇರಬೇಕು.

“ಹಂಗಾರ ಬ್ಯಾಡಾ ಕಾಕಾ?” ಅಂತ ಹುಡುಗಿ ಕೇಳಿದಳು.

“ಬ್ಯಾಡ ಅಂದೆನೇನ? ನಂದ ಕಡಿಮಿ ಐತಿ ಅಂತ ಗೊತ್ತಾದ್ರ ಆ ಮೂಲ್ಯಾಗ ಕಬ್ಬ ಹಚ್ಚೂದ ಬಿಡ್ತೀನಿ. ಈಗ ಯಾರ ಕಡಿಮಿ ನಾ ಹೊರಾಕತ್ತೀನೋ, ನನ್ನ ಕಡಿಮಿ ಯಾರ ಹೊರಾಕತ್ತಾರೋ.” ಕೊಳವೆಯನ್ನು ಅವಳ ಕೈಗೆ ವಾಪಸು ಕೊಟ್ಟು, ಹೊಲದ ಆ ಕಡೆ ಬೈಕು ನಿಲ್ಲಿಸುತ್ತಿದ್ದ ಸ್ಲಿಪ್‌ಬಾಯ್‌ನನ್ನು ಕೂಗಿದ: “ಬಾರೋ ತಮ್ಮಾ, ಇಲ್ಲಿ ಬಾ. ಇನ್ನ ಹತ್ತ ದಿನ ನಮ್ಮ ಫಡಕ್ಕ ಗ್ಯಾಂಗ್ ಕಳಸಬ್ಯಾಡ.”

ಗ್ಯಾಂಗು ಬೇಡ ಅನ್ನುವ ರೈತನನ್ನು ಹುಡುಗ ಈ ಹಂಗಾಮಿನಲ್ಲಿ ಮೊದಲ ಸಲ ನೋಡಿರಬೇಕು. ಹತ್ತು ದಿನ ಬಿಟ್ಟರೆ ಆಮೇಲೆ ಸರದಿ ಯಾವಾಗ ಬರುತ್ತದೋ ತಾನು ಹೇಳಲಾರೆ ಅಂದ. ಅದಕ್ಕೂ ಒಂದು ಚರ್ಚೆ ಶುರುವಾಯಿತು, ನಾವು ಬದುವಿನ ಮೇಲೆ ಕೂತೆವು.